ಮಕ್ಕಳ ಜೆನೆಟಿಕ್ ಪರೀಕ್ಷೆ: ರಕ್ತ ತೆಗೆಯುವ ಮುಂಚೆ ಆಡಬೇಕಾದ ಮಾತು

ಮಕ್ಕಳ ವೈದ್ಯರು, ಲ್ಯಾಬ್‌ನವರು, ಶುಶ್ರೂಷಕಿಯರು, ಆಪ್ತಸಮಾಲೋಚಕರು ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆ ಮೀಸಲು. ಕುಟುಂಬಗಳ ಗುರುತು ಸಿಗುವ ವಿವರಗಳನ್ನು ತೆಗೆದುಹಾಕಿದ್ದೇವೆ. ಬಂದ ಪತ್ರಗಳಲ್ಲಿ ಬಹುಪಾಲು ರಿಪೋರ್ಟ್ ಕೈಗೆ ಬಂದ ಮೇಲೆ ಬರೆದವು. ಟ್ಯೂಬಿಗೆ ರಕ್ತ ತುಂಬುವ ಮುಂಚೆ ಅರ್ಧ ಗಂಟೆ ಕೂತು ಮಾತಾಡಿದ್ದರೆ ಇವುಗಳಲ್ಲಿ ಅರ್ಧಕ್ಕರ್ಧ ಹುಟ್ಟುತ್ತಲೇ ಇರಲಿಲ್ಲ.

ಪ್ರಶ್ನೆ: ತಂದೆಗೆ 42 ವರ್ಷ, ಹಂಟಿಂಗ್ಟನ್ ಕಾಯಿಲೆ (ಮಿದುಳಿನ ನರಕೋಶಗಳು ನಶಿಸುತ್ತ ಹೋಗುವ ವಂಶಪಾರಂಪರ್ಯ ರೋಗ) ಖಚಿತವಾಗಿದೆ. ರಿಪೋರ್ಟಿನಲ್ಲಿ ಸಿಎಜಿ ಪುನರಾವರ್ತನೆ 44. ಮಗಳಿಗೆ 9, ಮಗನಿಗೆ 14. "ಇಬ್ಬರಿಗೂ ಈಗಲೇ ಟೆಸ್ಟ್ ಮಾಡಿಸಿಬಿಡಿ ಡಾಕ್ಟ್ರೇ, ಇದ್ದರೆ ಇದೆ ಅಂತ ಗೊತ್ತಾಗಲಿ" ಎಂದು ತಾಯಿ ಹಟ ಹಿಡಿದಿದ್ದಾರೆ. ಮಗ ಈ ವರ್ಷ ಓದಿನಲ್ಲಿ ಹಿಂದೆ ಬಿದ್ದಿದ್ದಾನೆ. ಹೆತ್ತವರೇ ಕೇಳುವಾಗ ನಾನು ಆಗದು ಅನ್ನಬಹುದೆ?
— ಮಕ್ಕಳ ತಜ್ಞರು, ದಾವಣಗೆರೆ

ಉತ್ತರ: ಮಗಳ ಮಟ್ಟಿಗೆ ಆಗದು ಅನ್ನಬಹುದು, ಅನ್ನಲೇಬೇಕು. ಮಗನದು ಬೇರೆ ಲೆಕ್ಕ.

ಈ ಕಾಯಿಲೆ 4ನೇ ಕ್ರೋಮೋಸೋಮಿನ ಒಂದು ವಂಶವಾಹಿಯಲ್ಲಿ ಸಿಎಜಿ ಎಂಬ ಮೂರಕ್ಷರ ಮಿತಿ ಮೀರಿ ಮರುಕಳಿಸುವುದರಿಂದ ಬರುವಂಥದ್ದು. 26ರವರೆಗೆ ಸಹಜ. 27ರಿಂದ 35 ಇದ್ದವರಿಗೆ ಕಾಯಿಲೆ ಬರುವುದಿಲ್ಲ, ಆದರೆ ಮುಂದಿನ ತಲೆಮಾರಿನಲ್ಲಿ ಸಂಖ್ಯೆ ಬೆಳೆಯಬಹುದು. 36ರಿಂದ 39 ಇದ್ದವರಿಗೆ ಬರಬಹುದು, ಬರದೆಯೂ ಇರಬಹುದು. 40 ಮತ್ತು ಅದಕ್ಕಿಂತ ಹೆಚ್ಚಿದ್ದರೆ, ಪೂರ್ಣಾಯುಷ್ಯ ಬದುಕಿದವರಿಗೆ ಬಂದೇ ಬರುತ್ತದೆ. ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಶೇ. 50. ಸಾಮಾನ್ಯವಾಗಿ ಲಕ್ಷಣ ಕಾಣುವುದು 30ರಿಂದ 50ರ ನಡುವೆ. ಬರದಂತೆ ತಡೆಯುವ ಔಷಧ ಇಲ್ಲ. ಅಂದಮೇಲೆ 9 ವರ್ಷದ ಹುಡುಗಿಯ ಫಲಿತಾಂಶ ಏನೇ ಬರಲಿ, ಅವಳ ಆರೈಕೆಯಲ್ಲಿ ನೀವು ಮಾಡುವ ಒಂದು ಕೆಲಸವೂ ಬದಲಾಗುವುದಿಲ್ಲ. ಬದಲಾಗುವುದು ಮನೆಯವರು ಅವಳನ್ನು ನೋಡುವ ರೀತಿ. ಕೈಯಿಂದ ಲೋಟ ಜಾರಿದರೂ ಅಮ್ಮನ ಎದೆ ಧಸಕ್ಕೆನ್ನುತ್ತದೆ; ಕಾಲೇಜಿನ ಫೀಸು ಕಟ್ಟುವ ಹೊತ್ತಿಗೆ ಲೆಕ್ಕಾಚಾರ ಶುರುವಾಗುತ್ತದೆ.

ಇನ್ನೊಂದು ಸಂಗತಿಯನ್ನು ತಾಯಿಗೆ ಹೇಳಿ. ಪರೀಕ್ಷೆ ಸುಲಭವಾಗಿ ಸಿಗುವ ದೇಶಗಳಲ್ಲೂ ಇಂಥ ಮನೆತನದಲ್ಲಿ ಹುಟ್ಟಿದ ವಯಸ್ಕರಲ್ಲಿ ಹೆಚ್ಚಿನವರು ಪರೀಕ್ಷೆ ಮಾಡಿಸಿಕೊಳ್ಳುವುದೇ ಇಲ್ಲ. ತಿಳಿಯದೆ ಇರುವುದನ್ನು ಅವರು ಆರಿಸಿಕೊಳ್ಳುತ್ತಾರೆ. ಮಗಳಿಗೆ 9ರಲ್ಲೇ ಪರೀಕ್ಷೆ ಮಾಡಿಸಿದರೆ ಆ ಆಯ್ಕೆಯನ್ನು ಅವಳಿಂದ ಕಿತ್ತುಕೊಂಡಂತೆ, ತಿರುಗಿ ಕೊಡಲು ಬರುವುದಿಲ್ಲ. ಈ ವಂಶವಾಹಿ ಪತ್ತೆಯಾದದ್ದು 1993ರಲ್ಲಿ. ಮರುವರ್ಷವೇ ರೋಗಿಗಳ ಸಂಘಗಳೂ ನರರೋಗ ತಜ್ಞರ ಒಕ್ಕೂಟವೂ ಸೇರಿ ಬರೆದ ಮಾರ್ಗಸೂಚಿ, ಲಕ್ಷಣವಿಲ್ಲದ ಅಪ್ರಾಪ್ತರಿಗೆ ಈ ಪರೀಕ್ಷೆ ಬೇಡ ಎಂದಿತು. ಆ ನಿಲುವು ಇಂದಿಗೂ ಬದಲಾಗಿಲ್ಲ.

ಬರೀ "ನಿಯಮ ಇಲ್ಲ" ಎಂದು ಕಳಿಸಿದರೆ ಆ ತಾಯಿ ಮತ್ತೊಂದು ಊರಿನ ಲ್ಯಾಬಿಗೆ ಹೋಗುತ್ತಾರೆ. ಫಾರಂನಲ್ಲಿ ರೋಗಲಕ್ಷಣದ ಕಾಲಂ ಖಾಲಿ ಇದ್ದರೂ ಕೇಳದೆ ಪರೀಕ್ಷೆ ಮಾಡಿಕೊಡುವ ಲ್ಯಾಬ್‌ಗಳಿವೆ. ಹಟದ ಹಿಂದಿರುವ ಚಿಂತೆಯನ್ನು ಹೊರಗೆ ಎಳೆಯಿರಿ. ಹೆಚ್ಚಾಗಿ ಅವು ಎರಡು: ಅಪ್ಪನಿಗೆ ಏನಾಗಿದೆ ಎಂದು ಮಕ್ಕಳಿಗೆ ಹೇಗೆ ಹೇಳುವುದು, ಮುಂದೆ ಸಂಸಾರ ನಡೆಯುವುದು ಹೇಗೆ. ಎರಡಕ್ಕೂ ಟೆಸ್ಟ್ ಇಲ್ಲದೆಯೇ ನೆರವಾಗಬಹುದು. ವರ್ಷಕ್ಕೊಮ್ಮೆ ಬರಲು ದಿನ ಕೊಡಿ. 18 ತುಂಬಿದ ಮೇಲೆ ಮಗಳೇ ಬಂದು ಕೇಳಿದರೆ ಮೊದಲು ಸಮಾಲೋಚನೆ, ನರರೋಗ ತಪಾಸಣೆ, ಯೋಚಿಸಲು ಬಿಡುವು, ಆಮೇಲೆ ರಕ್ತ. ಫಲಿತಾಂಶವನ್ನು ಎದುರು ಕೂರಿಸಿಕೊಂಡು, ಅವಳು ನಂಬುವ ಒಬ್ಬರು ಜತೆಗಿರುವಾಗ ಹೇಳಬೇಕು. ವಾಟ್ಸ್ಆ್ಯಪ್‌ನಲ್ಲಿ ಪಿಡಿಎಫ್ ಕಳಿಸಬಾರದು.

ಈಗ ಮಗ. ಸಂಖ್ಯೆ ಅಪ್ಪನಿಂದ ದಾಟುವಾಗ ಇನ್ನೂ ಬೆಳೆಯುವುದುಂಟು. 60 ದಾಟಿದವರಲ್ಲಿ 20ಕ್ಕೆ ಮುಂಚೆಯೇ ಕಾಯಿಲೆ ಶುರುವಾಗಬಹುದು. ಮಕ್ಕಳಲ್ಲಿ ಅದು ದೊಡ್ಡವರ ಹಾಗೆ ಕೈಕಾಲು ಕುಣಿಯುವ ರೂಪದಲ್ಲಿ ಬರುವುದು ಕಡಿಮೆ. ಮೈ ಬಿಗಿತ, ನಿಧಾನಗತಿ, ತೊದಲು, ವರ್ತನೆಯಲ್ಲಿ ಬದಲಾವಣೆ, ಚಿಕ್ಕವರಲ್ಲಿ ಫಿಟ್ಸ್ ಕಾಣುತ್ತವೆ. ಮಾರ್ಕ್ಸ್ ಇಳಿದದ್ದೊಂದೇ ಸಾಲದು. ಅಪ್ಪ ಕಣ್ಣೆದುರೇ ಕುಸಿಯುತ್ತಿರುವ ಮನೆಯಲ್ಲಿ 14ರ ಹುಡುಗ ಓದದೆ ಇರಲು ವಂಶವಾಹಿಯೇ ಬೇಕಿಲ್ಲ. ನರರೋಗ ತಜ್ಞರಿಂದ ತಪಾಸಣೆ ಮಾಡಿಸಿ, ಖಿನ್ನತೆ, ಕಲಿಕೆಯ ತೊಂದರೆಗಳನ್ನು ನೋಡಿ, 6 ತಿಂಗಳ ಬಳಿಕ ಮತ್ತೊಮ್ಮೆ ಪರೀಕ್ಷಿಸಿ. ನರಲಕ್ಷಣ ಖಚಿತವಾಗಿ ಕಂಡರೆ ಆಗ ಮಾಡುವುದು ರೋಗಪತ್ತೆಯ ಪರೀಕ್ಷೆ, ಅದನ್ನು ತಡೆಹಿಡಿಯಲು ಕಾರಣವಿಲ್ಲ. ಹುಡುಗನ ಸಮ್ಮತಿಯನ್ನೂ ಕೇಳಿ. ಐಸಿಎಂಆರ್‌ನ 2017ರ ನೀತಿಸೂಚಿ ಸಂಶೋಧನೆಗಾಗಿ ಬರೆದದ್ದಾದರೂ ಅದರ ಅಳತೆಗೋಲು ಇಲ್ಲಿಗೂ ಒದಗುತ್ತದೆ: 7ರಿಂದ 12ರವರೆಗೆ ಬಾಯಿಮಾತಿನ ಸಮ್ಮತಿ, 12ರಿಂದ 18ರವರೆಗೆ ಬರಹದ ಸಮ್ಮತಿ.

ಹಂಟಿಂಗ್ಟನ್‌ಗೆ ಹೇಳಿದ್ದನ್ನು ಎಲ್ಲ ಕಾಯಿಲೆಗೂ ಹಚ್ಚಿ "18 ಆಗಲಿ" ಎಂದು ಕೂತರೆ ಮಕ್ಕಳ ಜೀವಕ್ಕೇ ಕುತ್ತು. ಮನೆಯಲ್ಲಿ ಒಬ್ಬರಿಗೆ ಮೈಯಲ್ಲಿ ತಾಮ್ರ ತುಂಬಿಕೊಳ್ಳುವ ವಿಲ್ಸನ್ ಕಾಯಿಲೆ ಇದ್ದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ಶೇ. 25 ಸಾಧ್ಯತೆ, ಲಕ್ಷಣ ಕಾಣುವ ಮುಂಚೆ ಔಷಧ ಶುರುವಾದರೆ ಯಕೃತ್ತು, ಮಿದುಳು ಉಳಿಯುತ್ತವೆ. ಕಣ್ಣಿನ ಕ್ಯಾನ್ಸರ್ ತರುವ ಆರ್‌ಬಿ1 ವಂಶವಾಹಿ ದೋಷ ಇರುವ ಮನೆತನದಲ್ಲಿ ಕೂಸಿನ ಕಣ್ಣಿನ ತಪಾಸಣೆ ಹುಟ್ಟಿದ ಮೊದಲ ವಾರಗಳಲ್ಲೇ ಶುರುವಾಗಬೇಕು. ಥೈರಾಯ್ಡ್ ಕ್ಯಾನ್ಸರ್ ತರಬಲ್ಲ ಆರ್‌ಇಟಿ ವಂಶವಾಹಿಯ 634ನೇ ಸ್ಥಾನದಲ್ಲಿ ದೋಷವಿದ್ದರೆ 5 ವರ್ಷದೊಳಗೆ, 918ರಲ್ಲಿದ್ದರೆ ಮೊದಲ ವರ್ಷದಲ್ಲೇ ಥೈರಾಯ್ಡ್ ತೆಗೆಸಲು ಸಲಹೆ ಕೊಡುತ್ತಾರೆ. ದೊಡ್ಡ ಕರುಳಿನಲ್ಲಿ ನೂರಾರು ಗಂಟು ಬೆಳೆಯುವ ಎಫ್ಎಪಿಯಲ್ಲಿ ಕೊಲೊನೋಸ್ಕೋಪಿ 10–12 ವರ್ಷಕ್ಕೆ ಶುರು. ವಂಶವಾಹಿ ಪರೀಕ್ಷೆಯೂ ಆ ಹೊತ್ತಿಗೇ. ಈ ಫಲಿತಾಂಶದಿಂದ ಈ ಮಗುವಿಗೆ 18ರೊಳಗೆ ಮಾಡುವುದೇನಾದರೂ ಬದಲಾಗುತ್ತದೆಯೆ ಎಂದು ಕೇಳಿಕೊಳ್ಳಿ. ಬದಲಾಗುವುದಾದರೆ ಒಂದು ವಾರವೂ ತಡಮಾಡಬೇಡಿ.

ಪ್ರಶ್ನೆ: ಉಗುಳಿನ ಸ್ಯಾಂಪಲ್‌ನಿಂದ ಮಗುವಿನ ಪ್ರತಿಭೆ, ಆಟದ ಸಾಮರ್ಥ್ಯ ಹೇಳುತ್ತೇವೆ ಎಂದು ಒಂದು ಕಂಪನಿಯವರು ನಮ್ಮ ಶಾಲೆಗೆ ಬಂದಿದ್ದಾರೆ. ಆಡಳಿತ ಮಂಡಳಿಗೆ ಉತ್ಸಾಹ. ಶಾಲೆಯ ವೈದ್ಯನಾಗಿ ನನ್ನ ಸಹಿ ಕೇಳುತ್ತಿದ್ದಾರೆ.
— ಬೆಳಗಾವಿ

ಉತ್ತರ: ಸಹಿ ಹಾಕಬೇಡಿ. ಇಂಥ ಪಟ್ಟಿಗಳಲ್ಲಿ ಹೆಚ್ಚಾಗಿ ಕಾಣುವ ಎಸಿಟಿಎನ್3 ಎಂಬ ವಂಶವಾಹಿಯನ್ನೇ ತೆಗೆದುಕೊಳ್ಳಿ. ಅದಕ್ಕೂ ವೇಗದ ಓಟದ ಸ್ನಾಯುವಿಗೂ ನಂಟಿರುವುದು ನಿಜ. ಆದರೆ ಅದರ ಪ್ರೋಟೀನು ಚೂರೂ ತಯಾರಾಗದ ಕೋಟ್ಯಂತರ ಆರೋಗ್ಯವಂತರು ಜಗತ್ತಿನಲ್ಲಿದ್ದಾರೆ. ಒಬ್ಬ ಹುಡುಗ ಓಡುತ್ತಾನೋ ಇಲ್ಲವೋ ತಿಳಿಯಲು ಸ್ಟಾಪ್‌ವಾಚೇ ಮೇಲು. ಬುದ್ಧಿ, ಸಂಗೀತ, ನಾಯಕತ್ವಕ್ಕೆ ಕೊಡುವ ಅಂಕಗಳಿಗಂತೂ ಬುಡವೇ ಇಲ್ಲ. ಉಗುಳಿನ ಡಿಎನ್ಎ ಎಲ್ಲಿ ಉಳಿಯುತ್ತದೆ, ಯಾರಿಗೆ ಮಾರಾಟವಾಗುತ್ತದೆ ಎಂದು ಲಿಖಿತವಾಗಿ ಕೇಳಿ. ಆ ಪತ್ರಕ್ಕೆ ಉತ್ತರ ಬರುವುದು ಅಪರೂಪ.

ಪ್ರಶ್ನೆ: ಮಗು, ತಾಯಿ, ತಂದೆ ಮೂವರ ಎಕ್ಸೋಮ್ ಸೀಕ್ವೆನ್ಸಿಂಗ್ (ವಂಶವಾಹಿಗಳ ಪ್ರೋಟೀನ್ ತಯಾರಿಸುವ ಭಾಗಗಳನ್ನೆಲ್ಲ ಓದುವ ಪರೀಕ್ಷೆ) ಮಾಡಿಸಿದೆವು. ಮಗುವಿಗೆ ಹಿಂಜರಿತ (ರಿಸೆಸಿವ್, ಅಂದರೆ ವಂಶವಾಹಿಯ ಎರಡೂ ಪ್ರತಿಯಲ್ಲಿ ದೋಷವಿದ್ದರೆ ಬರುವ) ಬಗೆಯ ಚಯಾಪಚಯ ಕಾಯಿಲೆ. ಎರಡು ದೋಷಗಳಲ್ಲಿ ಒಂದು ತಾಯಿಯಲ್ಲಿದೆ, ಇನ್ನೊಂದು ತಂದೆಯಲ್ಲಿಲ್ಲ. ಲ್ಯಾಬ್‌ನವರು ಫೋನ್ ಮಾಡಿ "ತಂದೆಯ ಸ್ಯಾಂಪಲ್ ಮಗುವಿಗೆ ಹೊಂದುತ್ತಿಲ್ಲ" ಎಂದರು. ದಂಪತಿ ಎರಡನೇ ಮಗುವಿನ ಯೋಚನೆಯಲ್ಲಿದ್ದಾರೆ. ಏನು ಹೇಳಲಿ, ಯಾರಿಗೆ ಹೇಳಲಿ?
— ಜೆನೆಟಿಕ್ ಸಮಾಲೋಚಕಿ, ಮಂಗಳೂರು

ಉತ್ತರ: ಮೊದಲು ಯಾರಿಗೂ ಏನೂ ಹೇಳಬೇಡಿ, ಸ್ಯಾಂಪಲ್ ಮೇಲೆ ಅನುಮಾನ ಪಡಿ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ ತಪ್ಪು ಚೀಟಿ ಅಂಟುವುದು, ಪಕ್ಕದ ಕುಟುಂಬದ ಟ್ಯೂಬ್ ಅದಲುಬದಲಾಗುವುದು ಕಲೆಕ್ಷನ್ ಸೆಂಟರ್‌ಗಳಲ್ಲಿ ಆಗುತ್ತಲೇ ಇರುತ್ತದೆ. ತಂದೆಗೆ ಹಿಂದೆ ಅಸ್ಥಿಮಜ್ಜೆ ಕಸಿ ಆಗಿದ್ದರೆ ಅವರ ರಕ್ತದ ಡಿಎನ್ಎ ದಾನಿಯದು. ಆಗ ಕೆನ್ನೆಯ ಒಳಭಾಗದ ಸ್ಯಾಂಪಲ್ ಕೂಡ ನೆಚ್ಚಲಾಗದು, ಚರ್ಮದಿಂದ ಬೆಳೆಸಿದ ಕೋಶ ಬೇಕು. ಒಂದೇ ದೋಷ ತಂದೆಯಲ್ಲಿ ಕಾಣದಿರುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಮಗುವಿನಲ್ಲೇ ಹೊಸದಾಗಿ ಹುಟ್ಟಿದ ದೋಷವಿರಬಹುದು, ಎರಡೂ ಪ್ರತಿ ತಾಯಿಯಿಂದಲೇ ಬಂದಿರಬಹುದು. ಇಡೀ ಎಕ್ಸೋಮಿನಲ್ಲಿ ಸಾವಿರಾರು ಗುರುತುಗಳು ಹೊಂದದೆ ಇದ್ದಾಗ ಮಾತ್ರ ಲ್ಯಾಬ್‌ನ ಮಾತಿಗೆ ತೂಕ. "ಗುಣಮಟ್ಟದ ಕಾರಣಕ್ಕೆ ಮತ್ತೊಮ್ಮೆ ಬೇಕು" ಎಂದು ಮೂವರ ಹೊಸ ಸ್ಯಾಂಪಲ್ ನೀವೇ ನಿಂತು ತೆಗೆಸಿ. ಅದು ಸುಳ್ಳೂ ಅಲ್ಲ.

ಎರಡನೇ ಸಲವೂ ಹೊಂದದಿದ್ದರೆ ಲಿಖಿತ ರಿಪೋರ್ಟಿನಲ್ಲಿ ಪಿತೃತ್ವದ ಮಾತು ಬರದಂತೆ ಲ್ಯಾಬ್‌ಗೆ ಹೇಳಿ. ಕೇಳಿದ ಪ್ರಶ್ನೆ ಮಗುವಿನ ಕಾಯಿಲೆಯದು, ಉತ್ತರವೂ ಅಷ್ಟೇ ಇರಲಿ. ಈ ಕಡತ ಶಾಲೆಗೆ, ವಿಮೆಗೆ, ಬೇರೆ ಆಸ್ಪತ್ರೆಗೆ ಮಗುವಿನ ಜತೆ ಹೋಗುತ್ತದೆ ಎಂಬುದನ್ನು ಮರೆಯಬೇಡಿ.

ಆದರೆ ಬಾಯಿ ಮುಚ್ಚಿಕೊಂಡು "ಮುಂದಿನ ಮಗುವಿಗೂ ಶೇ. 25" ಎಂದು ಗಿಳಿಪಾಠ ಒಪ್ಪಿಸುವುದು ಅಪಾಯವಿಲ್ಲದ ಸುಳ್ಳಲ್ಲ. ಪತಿ ವಾಹಕನಲ್ಲದಿದ್ದರೆ (ವಾಹಕ ಎಂದರೆ ದೋಷವಿರುವ ಒಂದು ಪ್ರತಿ ಇದ್ದೂ ಕಾಯಿಲೆ ಇಲ್ಲದವರು) ಈ ದಂಪತಿಯ ಮುಂದಿನ ಮಗುವಿಗೆ ಅಪಾಯ ತೀರ ಕಡಿಮೆ. ನಿಮ್ಮ ಶೇ. 25ನ್ನು ನಂಬಿ ಆಕೆ 11–13ನೇ ವಾರದಲ್ಲಿ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡು ಕೋರಿಯಾನಿಕ್ ವಿಲ್ಲಸ್ ಪರೀಕ್ಷೆ (ಮಾಸುವಿನ ಚೂರು ತೆಗೆದು ನೋಡುವುದು) ಮಾಡಿಸಿಕೊಳ್ಳುತ್ತಾರೆ; ಅದರಲ್ಲಿ ಗರ್ಭಪಾತದ ಸಣ್ಣ ಅಪಾಯ ಇದ್ದೇ ಇದೆ.

ತಾಯಿಯನ್ನು ಒಬ್ಬರನ್ನೇ ಕಾಣಿ. ಪ್ರತಿಯೊಬ್ಬ ತಾಯಿಯೊಂದಿಗೂ ಹತ್ತು ನಿಮಿಷ ಪ್ರತ್ಯೇಕ ಮಾತುಕತೆ ಎಂಬ ರೂಢಿ ನಿಮ್ಮ ಕ್ಲಿನಿಕ್‌ನಲ್ಲಿದ್ದರೆ ಯಾರಿಗೂ ಸಂಶಯ ಬರುವುದಿಲ್ಲ. ಇಲ್ಲದಿದ್ದರೆ ನಾಳೆಯಿಂದಲೇ ಶುರು ಮಾಡಿ. ಕಂಡದ್ದನ್ನು ಆಕೆಗೆ ಹೇಳಿ, ಮುಂದೇನು ಎಂಬುದನ್ನು ಆಕೆ ನಿರ್ಧರಿಸಲಿ. ಆ ಮಾತುಕತೆಯಲ್ಲಿ ಆಕೆಯ ಸುರಕ್ಷತೆಯನ್ನೂ ವಿಚಾರಿಸಿ. ಪತಿಗೆ ಅವರದೇ ಫಲಿತಾಂಶ ಪಡೆಯುವ ಹಕ್ಕಿದೆ: "ನಿಮ್ಮಲ್ಲಿ ಈ ದೋಷ ಕಂಡಿಲ್ಲ, ಮುಂದಿನ ಮಗುವಿಗೆ ಅಪಾಯ ಕಡಿಮೆ" ಎಂಬುದು ಪೂರ್ತಿ ಸತ್ಯ. ಹಾಗಾದರೆ ಈ ಮಗುವಿಗೆ ಹೇಗೆ ಬಂತು ಎಂದು ಅವರು ಕೇಳಿಯೇ ಕೇಳುತ್ತಾರೆ. "ಇಂಥದ್ದಕ್ಕೆ ಹಲವು ಕಾರಣಗಳಿರುತ್ತವೆ, ಪಿತೃತ್ವ ಹೇಳಲು ನಾವು ಈ ಪರೀಕ್ಷೆ ಮಾಡಿಲ್ಲ, ಅಂಥ ಮಾಹಿತಿ ಕೊಡುವುದಿಲ್ಲ ಎಂದು ನೀವಿಬ್ಬರೂ ಸಹಿ ಮಾಡಿದ ಪತ್ರದಲ್ಲೇ ಇದೆ" ಎನ್ನಿ. ಆ ಸಾಲು ನಿಮ್ಮ ಒಪ್ಪಿಗೆ ಪತ್ರದಲ್ಲಿ ಇದೆ ತಾನೆ? ಅದಿಲ್ಲದೆ ಮೂವರ (ಟ್ರಯೊ) ಪರೀಕ್ಷೆಗೆ ಕೈ ಹಾಕಲೇಬಾರದು. ಕನ್ನಡದಲ್ಲಿರಲಿ, ಓದಿ ಹೇಳಿ, ಆಮೇಲೆ ಸಹಿ.

ಕಾನೂನು ಮಗುವಿನ ಪರವಾಗಿದೆ. ಮದುವೆ ಊರ್ಜಿತದಲ್ಲಿರುವಾಗ ಹುಟ್ಟಿದ ಮಗು ಆ ದಂಪತಿಯದೇ ಎಂಬ ಬಲವಾದ ಊಹೆ ಹಳೆಯ ಸಾಕ್ಷ್ಯ ಕಾಯ್ದೆಯ 112ನೇ ಸೆಕ್ಷನ್‌ನಲ್ಲಿತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 116ರಲ್ಲಿದೆ. ದಾಂಪತ್ಯದ ಜಗಳಗಳಲ್ಲಿ ಮಕ್ಕಳ ಡಿಎನ್ಎ ಪರೀಕ್ಷೆಗೆ ವಾಡಿಕೆಯಂತೆ ಆದೇಶಿಸಬಾರದು ಎಂದು ಸುಪ್ರೀಂ ಕೋರ್ಟ್ 2023ರಲ್ಲೂ ಹೇಳಿದೆ. ನಿಮ್ಮ ದಾಖಲೆಯನ್ನು ನ್ಯಾಯಾಲಯವೇ ಕೇಳಿದರೆ ಕೊಡಬೇಕು. ವಕೀಲರ ನೋಟಿಸ್ ನ್ಯಾಯಾಲಯದ ಆದೇಶವಲ್ಲ.

ಪ್ರಶ್ನೆ: ಅಣ್ಣನಿಗೆ ಡುಷೇನ್ ಸ್ನಾಯುಕ್ಷಯ. 8 ವರ್ಷದ ತಂಗಿ ವಾಹಕಳೇ ಎಂದು ಈಗಲೇ ನೋಡಿ, ಆದರೆ ಅವಳಿಗೆ ಹೇಳಬೇಡಿ ಎನ್ನುತ್ತಾರೆ ಅಜ್ಜಿ, ತಾಯಿ ಇಬ್ಬರೂ. ಮದುವೆಯ ಚಿಂತೆ.
— ಮಕ್ಕಳ ನರರೋಗ ವಿಭಾಗದ ಶುಶ್ರೂಷಕಿ, ಹುಬ್ಬಳ್ಳಿ

ಉತ್ತರ: ಈಗ ತಂಗಿಯ ರಕ್ತ ಬೇಡ, ತಾಯಿಯ ರಕ್ತ ಬೇಕು. ಮನೆತನದಲ್ಲಿ ಬೇರೆ ಯಾರಿಗೂ ಇಲ್ಲದೆ ಬಂದ ಡುಷೇನ್‌ನಲ್ಲಿ ಸುಮಾರು ಮೂರನೇ ಒಂದು ಪಾಲು ಹೊಸದಾಗಿ ಹುಟ್ಟಿದ ದೋಷದಿಂದ ಬಂದದ್ದು. ತಾಯಿ ವಾಹಕಳೇ ಆಗಿರುವುದಿಲ್ಲ. ತಾಯಿ ವಾಹಕಳಾಗಿದ್ದರೆ ಮಗಳಿಗೆ ಶೇ. 50. ತಾಯಿಯ ರಕ್ತದಲ್ಲಿ ಕಾಣದಿದ್ದರೂ ಅಂಡಾಶಯದ ಕೆಲವು ಕೋಶಗಳಲ್ಲಿ ದೋಷ ಅಡಗಿರುವುದುಂಟು, ಆದ್ದರಿಂದ "ಏನೂ ಇಲ್ಲ" ಎಂದು ಭರವಸೆ ಕೊಟ್ಟುಬಿಡಬೇಡಿ.

ನಿಮ್ಮ ಕೈಯಲ್ಲಿರುವ ಬಹಳ ದೊಡ್ಡ ಕೆಲಸ ಅಣ್ಣನ ರಿಪೋರ್ಟನ್ನು ಕಾಪಾಡುವುದು. ಡುಷೇನ್‌ಗೆ ಕಾರಣವಾಗುವ ಡಿಎಂಡಿ ವಂಶವಾಹಿಯಲ್ಲಿ ಪ್ರೋಟೀನಿನ ಸೂಚನೆ ಹೊತ್ತ 79 ಎಕ್ಸಾನ್‌ಗಳಿವೆ. ಮೂರನೇ ಎರಡರಷ್ಟು ಹುಡುಗರಲ್ಲಿ ಅವುಗಳ ಒಂದು ತುಂಡೇ ಬಿಟ್ಟುಹೋಗಿರುತ್ತದೆ, ಉಳಿದವರಲ್ಲಿ ನಕಲಾಗಿರುವುದು ಅಥವಾ ಒಂದಕ್ಷರದ ತಪ್ಪು. ಅಣ್ಣನಲ್ಲಿ ಯಾವುದು ಎಂದು ತಿಳಿದಿದ್ದರೆ ಹತ್ತು ವರ್ಷದ ಮೇಲೆ ತಂಗಿಯ ಪರೀಕ್ಷೆ ಸರಳ, ಅಗ್ಗ, ಖಚಿತ. ತಿಳಿಯದಿದ್ದರೆ ಅವಳ "ನೆಗೆಟಿವ್"ಗೆ ಅರ್ಥವೇ ಇಲ್ಲ. ಅಷ್ಟು ಹೊತ್ತಿಗೆ ಅಣ್ಣ ಇಲ್ಲದೆಯೂ ಇರಬಹುದು, ಈ ಮಾತನ್ನು ತಾಯಿಗೆ ಮೆಲ್ಲಗೆ ಹೇಳಬೇಕಾಗುತ್ತದೆ. ಸಾಧ್ಯವಾದರೆ ಅವನ ಡಿಎನ್ಎಯನ್ನು ಲ್ಯಾಬ್‌ನಲ್ಲಿ ಉಳಿಸಿಡಲು ಕೇಳಿ.

ಬಚ್ಚಿಡುವ ವಿಷಯಕ್ಕೆ ಬಂದರೆ, ಪರೀಕ್ಷೆ ಮಾಡಿ ಬಚ್ಚಿಡುವುದಕ್ಕಿಂತ ಪರೀಕ್ಷೆ ಮಾಡದೆ ವಿಷಯ ತಿಳಿಸುವುದು ಒಳ್ಳೆಯದು. ಅಣ್ಣನ ಕಾಯಿಲೆ ಏನು ಎಂದು 8ರಲ್ಲೇ ಹೇಳಬಹುದು. "ಇದು ಮನೆತನದಲ್ಲಿ ಬರಬಹುದು, ದೊಡ್ಡವಳಾದ ಮೇಲೆ ಬೇಕಿದ್ದರೆ ಪರೀಕ್ಷೆ ಮಾಡಿಸಿಕೊಳ್ಳಬಹುದು" ಎಂದು 12–13ಕ್ಕೆ. 16ರ ಆಸುಪಾಸಿನಲ್ಲಿ ಅವಳೇ ಬಂದು ಮಾತಾಡಲಿ. ವಾಹಕ ಹೆಂಗಸರಲ್ಲಿ ಕೆಲವರಿಗೆ ಹೃದಯದ ಸ್ನಾಯು ದುರ್ಬಲವಾಗುತ್ತದೆ, ಆದ್ದರಿಂದ ಇದು ಮದುವೆ-ಮಕ್ಕಳ ವಿಷಯವಷ್ಟೇ ಅಲ್ಲ. ಹದಿಹರೆಯದ ಕೊನೆಯಿಂದ ಎಕೋ ತಪಾಸಣೆಗೂ ಇದು ಬೇಕು. ಒಂದು ವಿನಾಯಿತಿ: ಹುಡುಗಿಗೇ ಕಾಲು ಸೋಲು, ಮೆಟ್ಟಿಲು ಹತ್ತಲು ಕಷ್ಟ ಕಂಡರೆ ಕಾಯುವ ಪ್ರಶ್ನೆಯಿಲ್ಲ, ಮೊದಲು ಸಿಕೆ (ಸ್ನಾಯು ಹಾನಿ ತೋರಿಸುವ ರಕ್ತಪರೀಕ್ಷೆ), ಆಮೇಲೆ ವಂಶವಾಹಿ ಪರೀಕ್ಷೆ.

ಪ್ರಶ್ನೆ: ಆಶ್ರಮ ಶಾಲೆಯಲ್ಲಿ ಕುಡಗೋಲು ಕಣ ರಕ್ತಹೀನತೆಯ (ಸಿಕಲ್ ಸೆಲ್) ತಪಾಸಣೆ. ಹೆತ್ತವರು ಹಾಡಿಯಲ್ಲಿ, ಮಕ್ಕಳು ಹಾಸ್ಟೆಲಿನಲ್ಲಿ. ವಾರ್ಡನ್ ಸಹಿ ಸಾಕೆ? ಕಾರ್ಡುಗಳನ್ನು ಶಾಲೆಯಲ್ಲೇ ಹಂಚಿಬಿಡಬಹುದೆ?
— ಸಮುದಾಯ ಆರೋಗ್ಯ ಅಧಿಕಾರಿ, ಮೈಸೂರು ಜಿಲ್ಲೆ

ಉತ್ತರ: ಎರಡಕ್ಕೂ ಬೇಡ ಎಂದೇ ಉತ್ತರ. ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾಯಿತು. 17 ರಾಜ್ಯಗಳಲ್ಲಿ ಕರ್ನಾಟಕವೂ ಇದೆ, 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆ ಗುರಿ. ಗುರಿಯ ಒತ್ತಡದಲ್ಲಿ ಮೊದಲು ಬಿಟ್ಟುಹೋಗುವುದು ಒಪ್ಪಿಗೆ. ವಾರ್ಡನ್ ಮಗುವಿನ ಕಾನೂನುಬದ್ಧ ಪೋಷಕರಲ್ಲ. ರಜೆಗೆ ಮಕ್ಕಳನ್ನು ಕರೆದೊಯ್ಯಲು ಹೆತ್ತವರು ಬರುವ ದಿನವೇ ಶಿಬಿರ ಇಡಿ, ಅಥವಾ ಆಶಾ ಕಾರ್ಯಕರ್ತೆ ಹಾಡಿಗೆ ಹೋಗಿ ಅವರ ಭಾಷೆಯಲ್ಲಿ ವಿವರಿಸಿ ಹೆಬ್ಬೆಟ್ಟು ತರಲಿ.

ಶಿಬಿರದಲ್ಲಿ ಮೊದಲು ಮಾಡುವ ಸಾಲ್ಯುಬಿಲಿಟಿ ಪರೀಕ್ಷೆ ಕಾಯಿಲೆಯನ್ನೂ ವಾಹಕ ಸ್ಥಿತಿಯನ್ನೂ ಬೇರೆ ಮಾಡಿ ತೋರಿಸುವುದಿಲ್ಲ. 6 ತಿಂಗಳೊಳಗಿನ ಕೂಸಿನಲ್ಲಿ, ತೀವ್ರ ರಕ್ತಹೀನತೆಯಲ್ಲಿ, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ತಪ್ಪಾಗಿ ನೆಗೆಟಿವ್ ಬರಬಹುದು. ಹಿಮೊಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೋಫೊರೆಸಿಸ್ ಖಚಿತಪಡಿಸುವವರೆಗೆ ಒಂದು ಮಾತೂ ಮಗುವಿನ ಕಿವಿಗೆ ಬೀಳಬಾರದು. ಕಾರ್ಡು ಮುಚ್ಚಿದ ಲಕೋಟೆಯಲ್ಲಿ ಹೆತ್ತವರ ಕೈಗೆ. ತರಗತಿಯಲ್ಲಿ ಹೆಸರು ಕೂಗಿ ಬಣ್ಣಬಣ್ಣದ ಕಾರ್ಡು ಕೊಟ್ಟರೆ ಸಂಜೆಯೊಳಗೆ ಇಡೀ ಹಾಸ್ಟೆಲಿಗೆ ಯಾರ್‍ಯಾರು "ಸಿಕಲ್" ಎಂದು ಗೊತ್ತಾಗಿರುತ್ತದೆ. ಒಂದು ಹೆಸರು ಅಂಟಿಕೊಂಡರೆ ಏನಾಗುತ್ತದೆಂದು ಕರ್ನಾಟಕಕ್ಕೆ ತಿಳಿಯದ್ದೇನಲ್ಲ; ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು 1970ರ ದಶಕದಿಂದ ಒಂದು ಮೂಳೆರೋಗಕ್ಕೇ ಅಂಟಿಕೊಂಡಿದೆ.

ಕಾಯಿಲೆ ಇರುವ ಮಗುವಿಗೆ ಈ ತಪಾಸಣೆ ಜೀವ ಉಳಿಸುವ ಕೆಲಸ: ನ್ಯುಮೊಕಾಕಲ್ ಲಸಿಕೆ, ಫೋಲಿಕ್ ಆಮ್ಲ, ಹೈಡ್ರಾಕ್ಸಿಯೂರಿಯಾ, ನೋವು-ಜ್ವರ ಬಂದಾಗ ಅಂದೇ ಆಸ್ಪತ್ರೆ. ಹೆತ್ತವರು ಒಪ್ಪಿದರೆ ಇಂಥ ಮಗುವಿನ ವಿಷಯ ಒಬ್ಬ ಶಿಕ್ಷಕರಿಗೆ ತಿಳಿದಿರಲಿ. ವಾಹಕ ಮಗು ಕಾಯಿಲೆಯ ಮಗುವಲ್ಲ. ಆಟದಿಂದ, ಪ್ರವಾಸದಿಂದ ಹೊರಗಿಡಬೇಡಿ, ಬಿಸಿಲಲ್ಲಿ ಓಡುವಾಗ ನೀರು ಕುಡಿಯಲಿ, ಅಷ್ಟೇ. ಅವರಿಗೆ ವಿವರ ಬೇಕಾಗುವುದು ಮದುವೆಯ ವಯಸ್ಸಿನಲ್ಲಿ, ಆಗ ಮತ್ತೆ ಕರೆದು ಹೇಳುವ ಏರ್ಪಾಡು ಇಲ್ಲದಿದ್ದರೆ ಇಂದಿನ ಕಾರ್ಡು ವ್ಯರ್ಥ.

ಪ್ರಶ್ನೆ: ಬೆಳವಣಿಗೆ ಕುಂಠಿತವಾದ ಮಗುವಿನ ಮೈಕ್ರೊಅರೇ (ಕ್ರೋಮೋಸೋಮಿನ ಸಣ್ಣ ಏರುಪೇರು ಹುಡುಕುವ ಪರೀಕ್ಷೆ) ರಿಪೋರ್ಟಿನಲ್ಲಿ "ಶೇ. 17 ಏಕರೂಪ ಭಾಗಗಳು, ಹೆತ್ತವರು ಅತಿ ನಿಕಟ ರಕ್ತಸಂಬಂಧಿಗಳೆಂಬ ಅನುಮಾನ" ಎಂದಿದೆ. ತಾಯಿ ತನ್ನ ಸೋದರಮಾವನನ್ನೇ ಮದುವೆಯಾದವರು. ನಾನು ಪೊಲೀಸರಿಗೆ ತಿಳಿಸಬೇಕೆ?
— ವೈದ್ಯರು, ವಿಜಯಪುರ

ಉತ್ತರ: ಮೊದಲು ಗಣಿತ. ಸೋದರಮಾವ-ಸೊಸೆಯ ಮಗುವಿನಲ್ಲಿ ಏಕರೂಪ ಭಾಗಗಳ (ತಂದೆ, ತಾಯಿ ಇಬ್ಬರಿಂದಲೂ ಒಂದೇ ರೀತಿ ಬಂದ ಡಿಎನ್ಎ) ನಿರೀಕ್ಷಿತ ಪ್ರಮಾಣ ಶೇ. 12.5, ಅತ್ತೆ-ಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಶೇ. 6.25, ತಂದೆ-ಮಗಳು ಅಥವಾ ಅಣ್ಣ-ತಂಗಿಯಾದರೆ ಶೇ. 25. ಇವು ಸರಾಸರಿಗಳು, ಒಂದೊಂದು ಮಗುವಿನಲ್ಲಿ ಏರುಪೇರು ಇದ್ದದ್ದೇ. ಎರಡು-ಮೂರು ತಲೆಮಾರಿನಿಂದ ಸಂಬಂಧದಲ್ಲೇ ಮದುವೆಯಾಗುತ್ತ ಬಂದ ಮನೆತನದಲ್ಲಿ ಅಂಕಿ ಇನ್ನೂ ಮೇಲೇರುತ್ತದೆ. ನಿಮ್ಮ ಶೇ. 17ಕ್ಕೆ ಹೇಳಿದ ಸಂಬಂಧವೇ ಸಾಕು. ಇಂಥ ಮದುವೆ ಕಾಣದ ಕಡೆಯ ಲ್ಯಾಬ್‌ಗಳು ಈ ಸಾಲನ್ನು ಗಾಬರಿಯಿಂದ ಬರೆಯುತ್ತವೆ. ಪರೀಕ್ಷೆಗೆ ಕಳಿಸುವ ಮುಂಚೆಯೇ ಮೂರು ತಲೆಮಾರಿನ ವಂಶವೃಕ್ಷ ಬರೆದು ಜತೆಗಿಟ್ಟರೆ ಈ ತಲೆನೋವು ಇಲ್ಲ. ಪಾಲಕರಿಗೂ ಮೊದಲೇ ಹೇಳಿ: "ಈ ಪರೀಕ್ಷೆ ನಿಮ್ಮಿಬ್ಬರ ರಕ್ತಸಂಬಂಧ ಎಷ್ಟು ಹತ್ತಿರದ್ದೆಂದು ತೋರಿಸುತ್ತದೆ."

ಅಂಕಿ 25ರ ಹತ್ತಿರ ಇದ್ದು, ವಂಶವೃಕ್ಷ ಅದಕ್ಕೆ ಕಾರಣ ಕೊಡದೆ ಇದ್ದಾಗ ಪ್ರಶ್ನೆ ಗಂಭೀರ. ಆಗ ತಾಯಿಯನ್ನು ಒಂಟಿಯಾಗಿ, ಮನೆಯವರ ಕಿವಿಗೆ ಬೀಳದ ಕಡೆ ಮಾತಾಡಿಸಬೇಕು. ಗರ್ಭ ಧರಿಸಿದಾಗ ಆಕೆಗೆ 18 ತುಂಬಿರಲಿಲ್ಲ ಎಂದು ತಿಳಿದರೆ ನಿಮಗೆ ಆಯ್ಕೆಯೇ ಇಲ್ಲ: ಪೋಕ್ಸೊ ಕಾಯ್ದೆ 2012ರ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು, ತಿಳಿಸದಿದ್ದರೆ 21ನೇ ಸೆಕ್ಷನ್ ಶಿಕ್ಷೆ ಹೇಳುತ್ತದೆ. ಗಮನಿಸಿ, ಈ ಮಾತು ಸೋದರಮಾವನೊಂದಿಗಿನ ಮದುವೆಗೂ ಅಷ್ಟೇ ಅನ್ವಯ. ಮದುವೆಯಾಗಿತ್ತು ಎಂಬುದು ವಯಸ್ಸಿನ ಪ್ರಶ್ನೆಯನ್ನು ಅಳಿಸುವುದಿಲ್ಲ. ಪ್ರಾಪ್ತ ವಯಸ್ಕಳಾಗಿದ್ದರೆ ದೂರಿನ ನಿರ್ಧಾರ ಆಕೆಯದು, ಸುರಕ್ಷಿತ ದಾರಿ ತೋರಿಸುವುದು ನಿಮ್ಮದು: ಮಹಿಳಾ ಸಹಾಯವಾಣಿ 181, ಮನೆಯಲ್ಲಿ ಬೇರೆ ಮಕ್ಕಳಿದ್ದರೆ ಮಕ್ಕಳ ಸಹಾಯವಾಣಿ 1098.

ಪ್ರಶ್ನೆ: 16 ವರ್ಷದ ಹುಡುಗಿ, ಮುಟ್ಟಾಗಿಲ್ಲ. ಕ್ರೋಮೋಸೋಮ್ ಪರೀಕ್ಷೆ 46,ಎಕ್ಸ್‌ವೈ (ಸಾಮಾನ್ಯವಾಗಿ ಗಂಡಸರಲ್ಲಿ ಕಾಣುವ ಜೋಡಣೆ). "ಅವಳಿಗೆ ಹೇಳಲೇಬೇಡಿ, ಗರ್ಭಕೋಶ ಚಿಕ್ಕದು ಅಂತ ಬರೆದುಕೊಡಿ, ಒಳಗಿರುವುದನ್ನು ಬೇಗ ತೆಗೆದುಬಿಡಿ" ಎನ್ನುತ್ತಾರೆ ಹೆತ್ತವರು.
— ಸ್ತ್ರೀರೋಗ ತಜ್ಞೆ, ಕಲಬುರಗಿ

ಉತ್ತರ: ಬೇಗ ತೆಗೆಯುವ ಪ್ರಶ್ನೆಗೆ ಮೊದಲು ಕಾಯಿಲೆ ಯಾವುದೆಂದು ಖಚಿತವಾಗಲಿ. ಸ್ತನ ಬೆಳೆದು, ಗರ್ಭಕೋಶ ಇಲ್ಲದೆ, ಟೆಸ್ಟೊಸ್ಟಿರಾನ್ ಗಂಡಸರ ಮಟ್ಟದಲ್ಲಿದ್ದರೆ ಆಂಡ್ರೊಜನ್‌ಗೆ (ಗಂಡು ಹಾರ್ಮೋನು) ದೇಹ ಸ್ಪಂದಿಸದ ಸ್ಥಿತಿ (ಎಐಎಸ್). ಎಆರ್ ವಂಶವಾಹಿ ಪರೀಕ್ಷೆಯಿಂದ ದೃಢಪಡಿಸಬಹುದು. ಗರ್ಭಕೋಶ ಇದ್ದು ಸ್ತನ ಬೆಳೆಯದಿದ್ದರೆ ಸ್ವೈಯರ್ ಸಿಂಡ್ರೋಮ್ (ಲಿಂಗಗ್ರಂಥಿಗಳು ಸರಿಯಾಗಿ ಬೆಳೆಯದ ಸ್ಥಿತಿ) ಯೋಚಿಸಿ. ಸ್ವೈಯರ್‌ನಲ್ಲಿ ಒಳಗಿನ ಗ್ರಂಥಿಗಳು ಗೆಡ್ಡೆಯಾಗುವ ಅಪಾಯ ಹೆಚ್ಚು, ತಡಮಾಡದೆ ತೆಗೆಯಬೇಕು. ಪೂರ್ಣ ಎಐಎಸ್‌ನಲ್ಲಿ ಪ್ರಾಯ ಪೂರ್ತಿಯಾಗುವ ಮುಂಚೆ ಆ ಅಪಾಯ ಕಡಿಮೆ. ಗ್ರಂಥಿಗಳು ಉಳಿದರೆ ಅವಳ ದೇಹವೇ ಟೆಸ್ಟೊಸ್ಟಿರಾನನ್ನು ಈಸ್ಟ್ರೊಜನ್ ಆಗಿ ಬದಲಿಸಿಕೊಂಡು ಮೂಳೆ ಕಾಪಾಡುತ್ತದೆ. ತೆಗೆದರೆ ವರ್ಷಗಟ್ಟಲೆ ಹಾರ್ಮೋನ್ ಮಾತ್ರೆ. ಆದ್ದರಿಂದ ಆ ನಿರ್ಧಾರಕ್ಕೆ ಅವಳೇ ಬೇಕು.

ಸುಳ್ಳು ರಿಪೋರ್ಟ್ ಬರೆಯಬೇಡಿ. ಇಂದು "ಗರ್ಭಕೋಶ ಚಿಕ್ಕದು" ಎಂದು ಬರೆದರೆ ನಾಳೆ ಯಾರೋ ಅದನ್ನು ದೊಡ್ಡದು ಮಾಡಲು ಇಂಜೆಕ್ಷನ್ ಕೊಡುತ್ತಾರೆ. ಹೆತ್ತವರಿಗೆ ಸಮಯ ಬೇಕು, ಎರಡು-ಮೂರು ಭೇಟಿ ಕೊಡಿ. "ಹೇಳುವುದೋ ಬೇಡವೋ" ಬಿಟ್ಟು "ಯಾವಾಗ, ಯಾರು, ಯಾವ ಮಾತಿನಲ್ಲಿ" ಎಂಬ ಚರ್ಚೆಗೆ ತನ್ನಿ. ಹುಡುಗಿಗೆ ಮೊದಲು ಹೇಳಬೇಕಾದ್ದು ಅವಳ ಮನಸ್ಸಿನಲ್ಲಿರುವ ಪ್ರಶ್ನೆಗೆ ಉತ್ತರ: ಮುಟ್ಟು ಬರುವುದಿಲ್ಲ ಯಾಕೆ, ಮಕ್ಕಳಾಗುತ್ತವೆಯೇ. "ನಿನ್ನ ದೇಹದಲ್ಲಿ ಗರ್ಭಕೋಶ ಬೆಳೆದಿಲ್ಲ, ಒಂದು ಹಾರ್ಮೋನಿಗೆ ನಿನ್ನ ಕೋಶಗಳು ಸ್ಪಂದಿಸುವುದಿಲ್ಲ." ಕ್ರೋಮೋಸೋಮಿನ ಮಾತು ಎರಡನೇ ಅಥವಾ ಮೂರನೇ ಭೇಟಿಗೆ. "ನೀನು ನಿಜವಾಗಿ ಗಂಡು" ಎಂಬ ಮಾತು ಯಾರ ಬಾಯಿಂದಲೂ ಬರಕೂಡದು, ಅದು ವೈಜ್ಞಾನಿಕವಾಗಿಯೂ ತಪ್ಪು. ನೀವು ಹೇಳದಿದ್ದರೆ 20ರಲ್ಲಿ ಅವಳೇ ಆ ರಿಪೋರ್ಟನ್ನು ಮೊಬೈಲಿನಲ್ಲಿ ಹುಡುಕಿ ಓದುತ್ತಾಳೆ, ಅದೂ ಒಬ್ಬಳೇ. ಚಿಕ್ಕಮ್ಮಂದಿರು, ತಂಗಿಯರ ವಿಚಾರವನ್ನೂ ಕೇಳಿ. ಎಆರ್ ದೋಷ ಹೆಚ್ಚಾಗಿ ತಾಯಿಯ ಕಡೆಯಿಂದ ಬರುವಂಥದ್ದು.

ಪ್ರಶ್ನೆ: ಫಿಟ್ಸ್‌ಗಾಗಿ ಎಕ್ಸೋಮ್ ಮಾಡಿಸಿದ 5 ವರ್ಷದ ಮಗುವಿನಲ್ಲಿ ಬಿಆರ್‌ಸಿಎ1 ದೋಷ (ದೊಡ್ಡವರಾದ ಮೇಲೆ ಸ್ತನ, ಅಂಡಾಶಯದ ಕ್ಯಾನ್ಸರ್ ಸಾಧ್ಯತೆ ಹೆಚ್ಚಿಸುವಂಥದ್ದು) ಸಿಕ್ಕಿದೆ. ತಿಳಿಸಬೇಕೆ?
— ಲ್ಯಾಬ್ ಮುಖ್ಯಸ್ಥರು, ಬೆಂಗಳೂರು

ಉತ್ತರ: ಹೆತ್ತವರು "ಬೇರೆ ಮಾಹಿತಿಯೂ ಬೇಕು" ಎಂದು ಗುರುತು ಹಾಕಿದ್ದರೆ ತಿಳಿಸಿ. ಮಗುವಿಗೆ ಈಗ ಏನೂ ಮಾಡಬೇಕಿಲ್ಲ. ಆದರೆ ಈ ದೋಷ ಬಹುಮಟ್ಟಿಗೆ ಹೆತ್ತವರಲ್ಲೊಬ್ಬರಿಂದ ಬಂದದ್ದು. ತಾಯಿಯದಾದರೆ ಆಕೆಯ ತಪಾಸಣೆ ಇಂದೇ ಶುರುವಾಗಬೇಕು. ತಾಯಿ ಬದುಕುವುದು ಮಗುವಿನ ಹಿತವೂ ಹೌದು. ಅಮೆರಿಕದ ವೈದ್ಯಕೀಯ ತಳಿಶಾಸ್ತ್ರ ತಜ್ಞರ ಸಂಸ್ಥೆ ಎಸಿಎಂಜಿ 2013ರಲ್ಲಿ 56 ವಂಶವಾಹಿಗಳ ಪಟ್ಟಿ ಕೊಟ್ಟು ವಯಸ್ಸು ನೋಡದೆ ತಿಳಿಸಿ ಎಂದಿತು, ಮರುವರ್ಷ "ಬೇಡ" ಅನ್ನುವ ಅವಕಾಶ ಸೇರಿಸಿತು. ಪಟ್ಟಿ ಈಗ 80 ದಾಟಿದೆ. ಯುರೋಪಿನವರು ಇನ್ನೂ ಜಿಪುಣರು: ಕೇಳಿದ್ದನ್ನಷ್ಟೇ ಹುಡುಕಿ ಎನ್ನುತ್ತಾರೆ. ಹೆತ್ತವರು ಬೇಡವೆಂದು ಗುರುತು ಹಾಕಿದ್ದರೆ ಆ ವಂಶವಾಹಿಗಳನ್ನು ವಿಶ್ಲೇಷಣೆಯಿಂದಲೇ ಮುಚ್ಚಿಡುವ ಏರ್ಪಾಡು ಲ್ಯಾಬ್‌ನಲ್ಲಿರಲಿ. ಕಂಡಮೇಲೆ ಕಾಣದ ಹಾಗೆ ಇರುವುದು ಕಷ್ಟ.

ಇಷ್ಟೆಲ್ಲ ಹೇಳಿದ್ದು "ರೋಗಕಾರಕ" ಎಂದು ಖಚಿತವಾದ ದೋಷಕ್ಕೆ. ಅರ್ಥ ತಿಳಿಯದ ವೇರಿಯಂಟ್ (ವಿಯುಎಸ್) ಆಗಿದ್ದರೆ ಅದರ ಆಧಾರದ ಮೇಲೆ ಏನೂ ಮಾಡಬೇಡಿ. ಜಾಗತಿಕ ದತ್ತಾಂಶಗಳಲ್ಲಿ ನಮ್ಮವರ ಡಿಎನ್ಎ ಕಡಿಮೆ ಇರುವುದರಿಂದ ಭಾರತೀಯ ಮಕ್ಕಳ ರಿಪೋರ್ಟುಗಳಲ್ಲಿ ಇವು ಜಾಸ್ತಿ. ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ 10,000 ಜನರ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಒಂದೆರಡು ವರ್ಷಕ್ಕೊಮ್ಮೆ ಹಳೆಯ ರಿಪೋರ್ಟುಗಳ ಮರುವಿಶ್ಲೇಷಣೆ ಕೇಳಿ.

ಪ್ರಶ್ನೆ: ದತ್ತು ಪಡೆಯುವವರು ಮಗುವಿನ ಪೂರ್ತಿ ಜೀನೋಮ್ ಪರೀಕ್ಷೆ ಕೇಳುತ್ತಿದ್ದಾರೆ.
— ದತ್ತು ಸಂಸ್ಥೆಯ ಸಮಾಜ ಕಾರ್ಯಕರ್ತೆ

ಉತ್ತರ: ಹೆತ್ತ ಮಗುವಿಗೆ ಆ ವಯಸ್ಸಿನಲ್ಲಿ ಯಾವ ಪರೀಕ್ಷೆ ಮಾಡಿಸುತ್ತಿದ್ದರೋ ಅಷ್ಟೇ. ಲಕ್ಷಣ ಇದ್ದರೆ ಅದಕ್ಕೆ ತಕ್ಕ ಪರೀಕ್ಷೆ. ಆರಿಸಿ ತೆಗೆಯಲು ಪರೀಕ್ಷೆ ಇಲ್ಲ.

ಪ್ರಶ್ನೆ: ಮಕ್ಕಳ ಜೆನೆಟಿಕ್ ರಿಪೋರ್ಟನ್ನು ಎಷ್ಟು ಕಾಲ ಇಡಬೇಕು? ವಿಮೆಯವರು ಕೇಳಿದರೆ?
— ಆಸ್ಪತ್ರೆಯ ದಾಖಲೆ ವಿಭಾಗ, ಶಿವಮೊಗ್ಗ

ಉತ್ತರ: 2002ರ ವೈದ್ಯಕೀಯ ನೀತಿಸಂಹಿತೆ ಒಳರೋಗಿಗಳ ದಾಖಲೆಯನ್ನು 3 ವರ್ಷ ಇಡಿ, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಿ ಎನ್ನುತ್ತದೆ. 4 ವರ್ಷದ ಮಗುವಿನ ವಂಶವಾಹಿ ರಿಪೋರ್ಟಿಗೆ ಈ ಲೆಕ್ಕ ಸಾಲದು; ಕನಿಷ್ಠ 18 ತುಂಬಿ ಮೇಲೆ ಕೆಲವು ವರ್ಷ ಇಡಿ ಎಂಬುದು ನಮ್ಮ ಸಲಹೆ. ವಿಮೆಯವರಿಗೆ ಪಾಲಕರ ಲಿಖಿತ ಒಪ್ಪಿಗೆ ಇಲ್ಲದೆ ಒಂದು ಹಾಳೆಯೂ ಹೋಗಬಾರದು. ಆನುವಂಶಿಕ ಕಾಯಿಲೆಗಳನ್ನೆಲ್ಲ ಸಾರಾಸಗಟಾಗಿ ಹೊರಗಿಡುವ ವಿಮೆಯ ಷರತ್ತು ತಾರತಮ್ಯ ಎಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಆದರೆ ಅಮೆರಿಕದಲ್ಲಿ 2008ರಿಂದ ಇರುವಂಥ, ವಂಶವಾಹಿ ಆಧಾರದ ತಾರತಮ್ಯ ತಡೆಯುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಪ್ರಪೋಸಲ್ ಫಾರಂನಲ್ಲಿ ಕೇಳಿದ ಪ್ರಶ್ನೆಗೆ ಪಾಲಕರು ಸುಳ್ಳು ಬರೆದರೆ ಮುಂದೆ ಕ್ಲೇಮ್ ಬೀಳುತ್ತದೆ, ಈ ಮಾತನ್ನು ಪರೀಕ್ಷೆಗೆ ಮುಂಚೆ ಹೇಳಿರಬೇಕು.

ಕಡತದ ಮೊದಲ ಪುಟದಲ್ಲಿ ಇಷ್ಟು ಬರೆದಿಡಿ: ವಂಶವಾಹಿಯ ಹೆಸರು, ದೋಷದ ಪೂರ್ಣ ಬರಹ, ಟ್ರಾನ್ಸ್‌ಕ್ರಿಪ್ಟ್ ಸಂಖ್ಯೆ, ಮಾನವ ಜೀನೋಮಿನ ಆಕರ ನಕ್ಷೆಯ ಯಾವ ಆವೃತ್ತಿ (ಜಿಆರ್‌ಸಿಎಚ್37 ಅಥವಾ 38) ಬಳಸಿದ್ದು, ಲ್ಯಾಬ್‌ನ ಸ್ಯಾಂಪಲ್ ಸಂಖ್ಯೆ, ತಾರೀಖು, ಮತ್ತು ಮಗುವಿಗೆ 18 ತುಂಬುವ ತಿಂಗಳು.